ರಿಪೇರಿ ಕ್ಲಾಸಿನ ಒಂದು ಜಾಗ

ಬಾಗಲಕೋಟೆ ಜಿಲ್ಲೆ ಆಗಿನ್ನೂ ಹೊಸದು. ಬನಹಟ್ಟಿಯಲ್ಲಿ ಹೆಣ್ಣುಮಕ್ಕಳಿಗೆ ಸ್ವಂತ ಉದ್ಯೋಗ ಕಲಿಸುವ ಕೇಂದ್ರದಲ್ಲಿ ನಾನು ಹೆಸರು ಬರೆದುಕೊಳ್ಳುವ ಅಕ್ಕೋರು. ಯಾರಿಗೆ ಯಾವ ಕೆಲಸ ಒಗ್ಗುತ್ತದೆಂದು ತಿಳಿಯಲು ಎರಡು ಪುಟದ ಪ್ರಶ್ನೆಗಳನ್ನು ಕೊಟ್ಟಿದ್ದರು. ನಾನೋ ಮಹಾ ಜಾಣೆ, ಮುಖ ನೋಡಿಯೇ 'ಹೊಲಿಗೆ' ಎಂದು ಬರೆದುಬಿಡುತ್ತಿದ್ದೆ.

ಒಮ್ಮೆ ನೇಕಾರರ ಮನೆಯ ಮುಸ್ಲಿಂ ಹೆಣ್ಣುಮಗಳೊಬ್ಬಳು, ಮೂವತ್ತರ ಆಸುಪಾಸಿನವಳು, ನನ್ನ ಪೆನ್ನು ಓಡುವುದನ್ನು ನೋಡಿ, "ಅಕ್ಕಾರ, ಹೊಲಿಗಿ ಬ್ಯಾಡ್ರಿ. ಪವರ್‌ಲೂಮ್ ರಿಪೇರಿ ಕ್ಲಾಸಿಗೆ ಹಾಕ್ರಿ" ಎಂದಳು.

ನಮ್ಮ ಕಡೆ ಹೆಂಗಸು ಕಂಡಕಿ ಎಂಬ ಉರುಳೆಗೆ ನೂಲು ಸುತ್ತಬೇಕು, ಮಗ್ಗದ ಮುಂದೆ ಗಂಡಸು ನಿಲ್ಲಬೇಕು. ರಿಪೇರಿಗೆ ಪಾನಾ, ಸ್ಪ್ಯಾನರ್ ಹಿಡಿಯುವುದಂತೂ ಗಂಡಸರದೇ ಕೆಲಸ. ರಿಪೇರಿ ಕ್ಲಾಸಿನಲ್ಲಿ ಉಳಿದದ್ದು ಒಂದೇ ಜಾಗ, ಪಟ್ಟಿ ಮರುದಿನ ಮಧ್ಯಾಹ್ನ ಹೋಗಬೇಕಿತ್ತು. "ಮನ್ಯಾಗ ಒಪ್ಪಂಗಿಲ್ಲ ಬಿಡವಾ" ಎಂದೆ, ಅವರ ಮನೆಯವರನ್ನೆಲ್ಲ ಬಲ್ಲವಳ ಹಾಗೆ. ಅವಳು ಎದ್ದು ಹೋದಳು.

ಮರುದಿನ ಬೆಳಿಗ್ಗೆ ಅವಳ ಅತ್ತೆ ಬಂದರು. ಹಿಂದೆ ಇವಳು. ರಿಪೇರಿ ಕ್ಲಾಸಿನಿಂದ ಸೊಸೆಯ ಹೆಸರು ತೆಗೆಸಲು ಬಂದಿದ್ದಾರೆಂದು ಎಣಿಸಿ ನಾನೇ ಮೊದಲಾಗಿ, "ಚಿಂತಿ ಮಾಡಬ್ಯಾಡ್ರಿ ಅಮ್ಮಾ, ಹೊಲಿಗಿ ಅಂತನ ಬರದೇನಿ" ಎಂದೆ.

"ಯಾಕ ಬರದ್ರಿ?" ಎಂದರು ಮುದುಕಿ. "ನಮ್ಮ ಮಗ್ಗ ಎಲ್ಲಿ ಕೆಟ್ಟೈತಿ ಅಂತ ಬರೇ ಸಪ್ಪಳ ಕೇಳಿ ಹೇಳಾಕಿ ಈಕಿ. ನನ್ನ ಮಗ ತಾನ ಕಂಡುಹಿಡದಂಗ ಅದನ್ನ ರಿಪೇರಿ ಮಿಸ್ತ್ರಿಗೆ ಹೇಳತಾನ. ಹತ್ತು ವರ್ಷ ಆತು, ನೋಡಾಕತ್ತೇನಿ. ಮಗನ ಮರ್ಯಾದಿ ಅಂತ ನಾ ಸುಮ್ನಿದ್ದೆ. ನಿಮಗೇನಾಗಿತ್ರಿ?"

ನನಗೆ ನಾಚಿಕೆಯಾಯಿತು. ಗಂಡಸರು ಬೇಡ ಅನ್ನುವ ಮೊದಲೇ ಹೆಂಗಸಾದ ನಾನು ಬೇಡ ಅಂದಿದ್ದೆ. ಹೆತ್ತ ಮಗನನ್ನು ಬದಿಗಿಟ್ಟು ಸೊಸೆಯ ಕಸುಬಿನ ಪರ ನಿಂತ ಆ ಮುದುಕಿಯ ಮುಂದೆ ನನ್ನ ಓದು ಬರಹ ಯಾವ ಲೆಕ್ಕ? ಹೊಲಿಗೆ ಎಂಬುದನ್ನು ಹೊಡೆದುಹಾಕಿ ರಿಪೇರಿ ಎಂದು ಬರೆದೆ.

ಆರು ತಿಂಗಳು ಅವಳು ಗಂಡಸರ ನಡುವೆ ಒಬ್ಬಳೇ ಕೂತು ಕಲಿತಳು. ಅವರ ಚೇಷ್ಟೆಗೆ ಒಂದು ದಿನವೂ ಕ್ಲಾಸು ತಪ್ಪಿಸಲಿಲ್ಲ. ಆಮೇಲೆ ರಬಕವಿ ರಸ್ತೆಯಲ್ಲಿ ಸ್ವಂತ ಅಂಗಡಿ ಹಾಕಿದಳು.

ಕೆಲವು ವರ್ಷಗಳ ನಂತರ ಒಮ್ಮೆ ಆ ಅಂಗಡಿಗೆ ಹೋಗಿದ್ದೆ. ಅವಳು ಯಾರದೋ ಮಗ್ಗ ನೋಡಲು ಹೊರಗೆ ಹೋಗಿದ್ದಳು. ಚಿಮ್ಮಡ ಹಳ್ಳಿಯಿಂದ ಬಂದ ಇಬ್ಬರು ನೇಕಾರರು ಕಾಯುತ್ತಿದ್ದರು. ಅವಳ ಗಂಡ ಅವರಿಗೆ ಚಹಾ ಕೊಟ್ಟು ಹೇಳುತ್ತಿದ್ದ, "ಕೂಡ್ರಿ, ನಂಗ ತಿಳಿಯಂಗಿಲ್ಲ. ಮಿಸ್ತ್ರಿ ಬರತಾಳ."