ಹೊರಗೆ ಕೂತವರ ಪಕ್ಕದಲ್ಲಿ

ನಾವೆಲ್ಲ ಡಾಕ್ಟರ್ ಬಾಯಿ ಎಂದು ಕರೆಯುತ್ತಿದ್ದ ಹೆಂಗಸಿನ ಬಿಳಿ ಸೀರೆಯ ಹಿಂಭಾಗದಲ್ಲಿ ಸಂಜೆಯ ಹೊತ್ತಿಗೆ ನೆಲದ ಧೂಳು ದುಂಡಗೆ ಅಚ್ಚೊತ್ತಿರುತ್ತಿತ್ತು. ಚಾಳಿನ ಹೆಂಗಸರು ಕುರ್ಚಿ ತರಲು ಓಡಿದರೆ ಬೇಡವೆಂದು ಕೈಯಾಡಿಸಿ, ಹೆಂಗಸರು ಎಲ್ಲಿ ಕೂತಿದ್ದರೋ ಅಲ್ಲೇ ತಾವೂ ನೆಲಕ್ಕೆ ಕೂತುಬಿಡುತ್ತಿದ್ದರು. ಕೂತ ಮೇಲೆ ಮೊದಲ ಕೆಲಸ, ಕೈಗಡಿಯಾರ ಬಿಚ್ಚಿ ಚೀಲಕ್ಕೆ ಹಾಕುವುದು. "ಗಡಿಯಾರ ಕಂಡರೆ ಹೆಂಗಸರು ಅರ್ಧಕ್ಕೇ ಮಾತು ನಿಲ್ಲಿಸುತ್ತಾರೆ" ಎನ್ನುತ್ತಿದ್ದರು.

ಅದು ಐವತ್ತರ ದಶಕ. ನಮ್ಮ ಚಾಳು ದಾದರ್ ಸ್ಟೇಶನ್ನಿನಿಂದ ನಡೆದು ಹೋಗುವಷ್ಟು ದೂರ. ವಿಜಾಪುರದ ಕಡೆಯಿಂದ ಬಂದ ಅಪ್ಪ ಮಿಲ್ಲಿನಲ್ಲಿ ನೇಯುತ್ತಿದ್ದ. ಸಾಲು ಕೋಣೆಗಳ ಆ ಚಾಳಿನಲ್ಲಿ ನಮಗಿದ್ದದ್ದು ಒಂದೇ ಕೋಣೆ, ಒಂದು ಖೋಲಿ. ಅದರಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿ, ನಾವು ಆರು ಮಕ್ಕಳು. ಹಿರಿಯಳಾದ ನಾನು ಮ್ಯಾಟ್ರಿಕ್ ಪಾಸಾಗಿ ಮನೆಯಲ್ಲಿ ಕೂತಿದ್ದೆ. ಬಡ ಹೆಂಗಸರು ಬಸಿರನ್ನು ಹೇಗೆ ತಡೆಯುತ್ತಾರೆ, ಬೇಡದ ಬಸಿರಾದರೆ ಯಾರ ಹತ್ತಿರ ಹೋಗುತ್ತಾರೆ ಎಂದು ವಿಚಾರಿಸಿ ವರದಿ ಬರೆಯಲು ಈ ಬಾಯಿ ಬಂದರು. ಮಂಗಳೂರಿನವರು, ಮದುವೆಯಾಗದವರು, ವಿಲೆ ಪಾರ್ಲೆಯಿಂದ ಲೋಕಲ್ ರೈಲಿನಲ್ಲಿ ಬರುತ್ತಿದ್ದರು. ಅವರ ಕನ್ನಡಕ್ಕೆ ನಮ್ಮವರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. "ಬಾಯಿ ಪುಸ್ತಕ ಓದಿದಂಗ ಮಾತಾಡ್ತಾರ ನೋಡ್ರಿ." ಹೀಗಾಗಿ ಅವರ ಪ್ರಶ್ನೆಗಳನ್ನು ನಮ್ಮ ಮಾತಿಗೆ, ನಮ್ಮವರ ಉತ್ತರಗಳನ್ನು ಅವರ ಮಾತಿಗೆ ತಿರುಗಿಸಿ ಹೇಳಲು ನಾನು ಜೊತೆಗೆ ಹೊರಟೆ.

ಯಾವ ಮನೆಗೆ ಹೋದರೂ ಉತ್ತರ ಕೊಡುವವಳು ಅತ್ತೆ. ನಮ್ಮ ಮನೆಯಲ್ಲೂ ಅಷ್ಟೇ. "ಇನ್ನೂ ಮಕ್ಕಳು ಬೇಕೆಂದು ನಿಮಗೆ ಅನ್ನಿಸುತ್ತದೆಯೇ?" ಎಂದು ಅವ್ವನನ್ನು ಕೇಳಿದರೆ ಅಜ್ಜಿ ಅಡಿಕೆ ಕತ್ತರಿಸುತ್ತ, "ಆಕೀಗೇನ ಕೇಳ್ತೀರಿ? ದೇವರು ಕೊಟ್ಟಷ್ಟು" ಎಂದಳು. ಅವ್ವ ತಲೆ ತಗ್ಗಿಸಿದಳು. ಕಡೆಯ ಹೆರಿಗೆಯಲ್ಲಿ ಅವಳು ಸತ್ತು ಬದುಕಿದ್ದಳು. ಇನ್ನೊಂದಾದರೆ ಉಳಿಯುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಆ ಮಾತು ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡುತ್ತಿರಲಿಲ್ಲ.

ಇನ್ನೊಂದು ದಿನ ನಾವು ಬಂದಾಗ ಅವ್ವ ಹೊರಗಾಗಿದ್ದಳು. ಮುಟ್ಟಿನ ದಿನಗಳಲ್ಲಿ ಖೋಲಿಯ ಮುಂದಿನ ಗ್ಯಾಲರಿಯ ಮೂಲೆಯಲ್ಲಿ ಅವಳಿಗೆ ಬೇರೆ ಚಾಪೆ, ಬೇರೆ ತಂಬಿಗೆ. ಯಾರೂ ಹತ್ತಿರ ಸುಳಿಯುವಂತಿಲ್ಲ. ಬಾಯಿ ಚಪ್ಪಲಿ ಬಿಟ್ಟು ನೆಟ್ಟಗೆ ಹೋಗಿ ಆ ಚಾಪೆಯ ಮೇಲೆ ಕೂತರು.

"ಮುಟ್ಟಬ್ಯಾಡ್ರಿ ಬಾಯಿ, ಆಕಿ ಹೊರಗದಾಳ" ಎಂದು ಅಜ್ಜಿ ಹೊಸ್ತಿಲಿಂದಲೇ ಕೂಗಿದಳು.

"ಕೂತಾಯಿತಲ್ಲ ಅಜ್ಜಿ."

"ಇನ್ನ ನೀವೂ ಒಳಗ ಬರೂಹಂಗಿಲ್ಲ ಮತ್ತ. ಚಹಾನೂ ಇಲ್ಲ."

"ಆಗಲಿ. ಇಲ್ಲೇ ಇರುತ್ತೇನೆ."

ನಾನೂ ಹೋಗಿ ಕೂತೆ. "ಜಳಕಾ ಮಾಡದ ಒಳಗ ಕಾಲಿಟ್ಟೀ ನೋಡು" ಎಂದು ಅಜ್ಜಿ ನನ್ನನ್ನು ಬೈದಳು. ಆದರೆ ಹೊಸ್ತಿಲು ದಾಟಲಿಲ್ಲ, ದಾಟುವಂತಿರಲಿಲ್ಲ.

ಅಜ್ಜಿಯ ಕಿವಿಗೆ ಬೀಳದಂತೆ ಅವ್ವ ಮೆಲ್ಲಗೆ ಶುರು ಮಾಡಿದಳು. "ನಮ್ಮ ಪೈಕಿ ಒಬ್ಬಾಕಿ ಇದ್ಳರಿ." ಆ ಒಬ್ಬಾಕಿ ಬೇಡದ ಬಸಿರಿಗೆ ಸೂಲಗಿತ್ತಿ ಕೊಟ್ಟ ಕಷಾಯ ಕುಡಿದಿದ್ದಳಂತೆ. ರಕ್ತ ಹೋಗಿ ಹೋಗಿ ಕಣ್ಣು ಕತ್ತಲೆಯಾದರೂ ಮನೆಯವರಿಗೆ ತಾನಾಗಿಯೇ ಇಳಿಯಿತು ಎಂದಿದ್ದಳಂತೆ. ಆಕೆ ಯಾರೆಂದು ಬಾಯಿ ಕೇಳಲಿಲ್ಲ. ಅವರು ಅದನ್ನು ಯಾರಲ್ಲೂ ಕೇಳುತ್ತಿರಲಿಲ್ಲ.

"ಆಕೆ ಈಗ ಹೇಗಿದ್ದಾಳೆ?"

"ಅದಾಳ್ರಿ. ಇನ್ನೊಮ್ಮೆ ಆತಂದ್ರ ಇರಂಗಿಲ್ಲ."

ಇದನ್ನು ನಾನು ತಿರುಗಿಸಿ ಹೇಳಬೇಕಿತ್ತು. ಬಾಯಿ ನನ್ನ ಮೊಣಕಾಲ ಮೇಲೆ ಕೈಯಿಟ್ಟು, "ಬೇಡ, ತಿಳಿಯಿತು" ಎಂದರು.

ಅಂದಿನಿಂದ ಅದೇ ಅವರ ಪದ್ಧತಿಯಾಯಿತು. ಚಾಳಿಗೆ ಕಾಲಿಟ್ಟೊಡನೆ "ಇವತ್ತು ಯಾರು ಹೊರಗಿದ್ದಾರೆ?" ಎಂದು ಕೇಳುವುದು, ಅವರ ಪಕ್ಕ ಹೋಗಿ ಕೂರುವುದು. ಹೆಂಗಸರು ಚೇಷ್ಟೆ ಮಾಡುತ್ತಿದ್ದರು. "ಬಾಯಿ ಬಂದ್ರು, ಲಗೂನ ಹೊರಗಾಗ್ರವಾ."

ದವಾಖಾನೆಯಲ್ಲಿ ಆಗ ಬಸಿರು ತಡೆಯಲು ಹೆಂಗಸರಿಗೆ ರಬ್ಬರಿನ ಟೋಪಿಯಂಥದೊಂದನ್ನು ಕೊಡುತ್ತಿದ್ದರು. ಅವ್ವ ಅದನ್ನು ತಿರುವಿ ನೋಡಿ, "ಇದನ್ನ ಎಲ್ಲಿ ತೊಳೀಲಿ? ಎಲ್ಲಿ ಇಡ್ಲಿ, ಇಷ್ಟ ಮಂದಿ ನಡುವ?" ಎಂದಳು. ಬಾಯಿ ಅದನ್ನು ಚೀಲಕ್ಕೆ ಹಾಕಿಕೊಂಡರು. ತಿಂಗಳ ಯಾವ ದಿನಗಳಲ್ಲಿ ಬಸಿರು ನಿಲ್ಲುವ ಸಂಭವ ಹೆಚ್ಚು ಎಂದು ಹೇಳಿಕೊಟ್ಟರು. ಪೂರ್ತಿ ನಂಬಬೇಡಿ ಎಂದೂ ಎಚ್ಚರಿಸಿದರು. "ಆ ದಿನಗಳಲ್ಲಿ ಗಂಡನಿಂದ ದೂರ ಇರಬೇಕು."

"ದೂರ? ಈ ಖೋಲ್ಯಾಗ?" ಎಂದು ಅವ್ವ ನಕ್ಕಳು.

ಮುಂದಿನ ತಿಂಗಳು ಅವ್ವ ಎರಡು ಸಲ ಹೊರಗೆ ಕೂತಳು. ಎರಡನೆಯದು ಬಾಯಿ ಹೇಳಿದ ಆ ದಿನಗಳಲ್ಲೇ.

"ಇದೇನ್ರಿ ಬಾಯಿ, ತಿಂಗಳಿಗೆ ಎರಡ ಸಲ?" ಎಂದು ಅಜ್ಜಿ ಹಿಡಿದು ಕೇಳಿದಳು. ಬಾಯಿ ಅವ್ವನ ಮುಖ ನೋಡಿದರು. ಹೆಂಗಸರು ಕೊಟ್ಟ ಉತ್ತರವನ್ನು ನಾನು ಒಂದಿಷ್ಟು ಚಂದ ಮಾಡಿ ಹೇಳಿದರೂ ಸಹಿಸದವರು ಅವರು. ಅಂಥವರು ಅಂದು, "ಬಹಳ ಹೆತ್ತ ಶರೀರ ಅಜ್ಜಿ. ಹೀಗೂ ಆಗುವುದುಂಟು. ಕೂರಲಿ ಬಿಡಿ" ಎಂದರು.

ಅಜ್ಜಿಯ ಅಡಕೊತ್ತು ನಿಂತಿತು. "ನಾನೂ ಹಡದಾಕೀನ" ಎಂದಳು. ಮತ್ತೆ ಅಡಿಕೆ ಕತ್ತರಿಸುತ್ತ, "ಕುಂಡ್ರಲಿ."

ಮುಂದೆ ಅಪ್ಪ ಗೊಣಗಿದಾಗಲೆಲ್ಲ ಅಜ್ಜಿಯೇ ಗದರುತ್ತಿದ್ದಳು. "ಮಡಿ ಮೈಲಿಗಿ ಏನೂ ಇಲ್ಲೇನು ನಿನಗ? ಅತ್ಲಾಗ ಹೋಗಿ ಮಕ್ಕೋ."

ಅವ್ವ ಮತ್ತೆ ಬಸಿರಾಗಲಿಲ್ಲ. ದಿನಗಳ ಈ ಲೆಕ್ಕದಿಂದ ಗುಣ ಕಂಡಿತು ಎಂದು ವರದಿಯಲ್ಲಿ ಬರೆಯಿರಿ ಎಂದೆ. ಬಾಯಿ ಒಪ್ಪಲಿಲ್ಲ. "ಇದು ನಮ್ಮ ಲೆಕ್ಕದ ಗುಣವಲ್ಲ, ನಿನ್ನ ಅವ್ವನ ಜಾಣತನ. ಚಿಲಕ ಹಾಕಿಕೊಳ್ಳುವ ಬಾಗಿಲಿಲ್ಲದ ಹೆಂಗಸಿಗೆ ನಾವು ಇನ್ನೂ ಏನೂ ಕೊಟ್ಟಿಲ್ಲ. ಅದನ್ನು ಬರೆಯುತ್ತೇನೆ." ಅದೇ ಉಸಿರಿನಲ್ಲಿ, "ನೀನು ಕಾಲೇಜಿಗೆ ಯಾವಾಗ ಸೇರುತ್ತೀ?" ಎಂದರು.

ಅಪ್ಪನನ್ನು ಒಪ್ಪಿಸಲೂ ಅವರೇ ಬಂದರು.

"ಹುಡುಗಿ ಕಲ್ತು ಏನ ಮಾಡಾಕಿರಿ ಬಾಯಿ?"

"ನಾನು ಮಾಡುವ ಕೆಲಸ."

ನಮ್ಮ ಮನೆತನದಲ್ಲಿ ಬಿ.ಎ. ಆದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಅದು ಸುಲಭಕ್ಕೆ ಬಂದದ್ದಲ್ಲ. ಪದವಿಯ ಕಾಗದ ಹಿಡಿದು ಪಾರ್ಲೆಗೆ, ಬಾಯಿಯ ಮನೆಗೆ ಓಡಿದೆ. ಬಾಯಿ ಆಗಲೇ ಹಾಸಿಗೆ ಹಿಡಿದಿದ್ದರು. ನಾನು ಮಂಚದ ಬಳಿ ನೆಲದ ಮೇಲೆ ಕೂತು ಮಾತಾಡಿದೆ. ಕೇಳುತ್ತ ಕೇಳುತ್ತ ಅವರಿಗೆ ನಗು ಬಂತು. "ಈಗ ನೀನೂ ಪುಸ್ತಕ ಓದಿದ ಹಾಗೆ ಮಾತಾಡುತ್ತೀ."

ಅವರು ತೀರಿಕೊಂಡ ಸುದ್ದಿ ತಂದವಳೂ ನಾನೇ. ಅವ್ವ ಒಲೆ ಆರಿಸಿದಳು. ತಲೆಯ ಮೇಲೆ ನೀರು ಹಾಕಿಕೊಂಡು ಬಂದು, ಗ್ಯಾಲರಿಯ ಅದೇ ಮೂಲೆಯಲ್ಲಿ ಚಾಪೆ ಹಾಸಿ ಕೂತಳು.

"ಏನಾತು?" ಎಂದ ಅಪ್ಪ.

"ಸೂತಕ."

"ನಮ್ಮವರು ಸತ್ರ ಹಿಡಿಯೂದು ಸೂತಕ. ಆ ಬಾಯಿ ನಮಗೇನಾಗಬೇಕು?"

ಅವ್ವ ಒದ್ದೆ ಕೂದಲನ್ನು ಬೆನ್ನ ಮೇಲೆ ಹರವಿಕೊಂಡಳು. ಒಳಗೆ ಅಜ್ಜಿ ಗೋಡೆ ಹಿಡಿದು ಎದ್ದಳು. ಹೊಸ್ತಿಲು ದಾಟಿ, ಮೆಲ್ಲಗೆ ನಡೆದು ಹೋಗಿ, ಚಾಪೆಯ ಮೇಲೆ ಅವ್ವನ ಪಕ್ಕ ಕೂತಳು.

"ಇವತ್ತ ಚಹಾ ಇಲ್ಲ" ಎಂದಳು ಮಗನಿಗೆ.