ಟೈಪಿಂಗ್ ಸೆಂಟರಿನ ಬಡಗಿ

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಟೈಪಿಂಗ್ ಸೆಂಟರಿನಲ್ಲಿ ವೀಸಾ ವಿಸ್ತರಣೆಯ ಅರ್ಜಿ ತುಂಬಿಸಲು ಕೂತಿದ್ದೆ. ನನಗಿಂತ ಮೊದಲಿನ ಸರದಿ ಒಬ್ಬ ಜಪಾನಿ ಮಹಿಳೆಯದು. ಗಂಡನ ಕೆಲಸದಿಂದಾಗಿ ಇಲ್ಲಿಗೆ ಬಂದ ಆಕೆ ಆರು ಕಾದಂಬರಿ, ಎರಡು ಕವನ ಸಂಕಲನ ಬರೆದವರೆಂದು ಕಾಯುವಾಗಿನ ಮಾತಿನಲ್ಲಿ ತಿಳಿದಿತ್ತು.

ಟೈಪ್ ಮಾಡುತ್ತಿದ್ದ ಬಂಟ್ವಾಳದ ಇಬ್ರಾಹಿಂ ಆಕೆಯ ಉದ್ಯೋಗವೇನೆಂದು ಕೇಳಿದರು. ಆಕೆ ಲೇಖಕಿ ಎಂದರು. ಇಬ್ರಾಹಿಂ ತೆರೆಯ ಮೇಲಿನ ಪಟ್ಟಿಯಲ್ಲಿ ‘ಗೃಹಿಣಿ’ಯನ್ನು ಆರಿಸಿ ನನ್ನತ್ತ ತಿರುಗಿ ಕನ್ನಡದಲ್ಲಿ ಹೇಳಿದರು.

“ಗಂಡನ ವೀಸಾದಲ್ಲಿ ಬಂದವರಿಗೆ ಇದೇ ಹಾಕುವುದು. ಬೇಜಾರು ಮಾಡ್ಬೇಡಿ ಅಂತ ಹೇಳಿ ಅವರಿಗೆ. ನನ್ನ ವೀಸಾದಲ್ಲಿ ಬಡಗಿ ಅಂತ ಉಂಟು, ಆಗ ಸಿಕ್ಕಿದ್ದು ಅದೇ. ಹದಿನೆಂಟು ವರ್ಷ ಆಯ್ತು, ಒಂದು ಮೊಳೆ ಹೊಡೆದವನಲ್ಲ.”

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಮೊದಲ ಮೂರು ಪುಸ್ತಕಗಳನ್ನು ಅಡುಗೆಮನೆಯಲ್ಲೇ, ಅನ್ನ ಬೇಯುವ ಹೊತ್ತಿನಲ್ಲಿ ಬರೆದದ್ದು, ಗೃಹಿಣಿ ಎಂದರೆ ಸುಳ್ಳೇನಲ್ಲ ಎಂದರು. ಆಮೇಲೆ ಚೀಲದಿಂದ ಟಿಪ್ಪಣಿ ಪುಸ್ತಕ ತೆಗೆದು, ಮೊಳೆ ಹೊಡೆಯದ ಈ ಬಡಗಿಯನ್ನು ಒಂದು ಕಥೆಯಲ್ಲಿ ತರಬಹುದೇ ಎಂದು ಕೇಳಿದರು.

ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಇಬ್ರಾಹಿಂ ಕೀಬೋರ್ಡಿನಿಂದ ಕೈ ತೆಗೆದರು.

“ತರ್ಲಿ. ಆದ್ರೆ ಕಥೆಯಲ್ಲಿ ಅವನ ಕೈಯಿಂದ ಒಂದು ಕುರ್ಚಿಯಾದ್ರೂ ಮಾಡಿಸ್ಲಿಕ್ಕೆ ಹೇಳಿ.”