ನೂರಕ್ಕೆ ನೂರರ ಮೇಷ್ಟ್ರು

ಬಿಳಿಗಲ್ಲಿನ ಲೂಸಿಯಾ ಹೈಸ್ಕೂಲು ಶುರುವಾದದ್ದು ಒಂದು ಕಾಫಿ ಗೋಡೌನಿನಲ್ಲಿ. ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿ ಒಂದಿಷ್ಟು ಏರು ಹತ್ತಿದರೆ ಸಿಗುವ ಊರು ಅದು. ಮಂಗಳೂರು ಕಡೆಯಿಂದ ಬಂದ ಫಾದರ್ ಬೆನೆಡಿಕ್ಟ್ ಎನ್ನುವವರು ಎಸ್ಟೇಟ್ ಮಾಲೀಕರನ್ನು ಕಾಡಿ ಬೇಡಿ, ಕೊಯ್ಲು ಮುಗಿದ ಮೇಲೆ ಖಾಲಿ ಬೀಳುವ ಗೋಡೌನನ್ನು ಪಡೆದು, ಎಸ್ಟೇಟಿನ ಕೂಲಿಯವರು ಇರುವ ಲೈನ್ ಮನೆಗಳ ಮಕ್ಕಳನ್ನು ಗುಡ್ಡೆ ಹಾಕಿ ಕೂರಿಸಿ ಪಾಠ ಶುರು ಮಾಡಿದರು. ಕೂಲಿಯವರ ಮಕ್ಕಳು ಏಳನೇ ಕ್ಲಾಸಿಗೇ ಪುಸ್ತಕ ಕಟ್ಟಿಟ್ಟು ಕಾಫಿ ಹಣ್ಣು ಕೊಯ್ಯಲು ಹೋಗುತ್ತಿದ್ದ ಕಾಲ. ಅದನ್ನು ತಪ್ಪಿಸಬೇಕು ಅನ್ನುವುದೊಂದೇ ಆ ಫಾದರ್ ಹಟ.

ಗಣಿತದ ಮೇಷ್ಟ್ರು ಯಜ್ಞನಾರಾಯಣ ಅಲ್ಲಿಗೆ ಬಂದಾಗ ಶಾಲೆ ಗೋಡೌನು ಬಿಟ್ಟು ತಗಡಿನ ಮಾಡಿನ ನಾಲ್ಕು ಕೋಣೆಗೆ ಬಂದಿತ್ತು. ಅವರದು ಕಳಸದ ಹತ್ತಿರ ಪುರೋಹಿತರ ಮನೆತನ. ಚರ್ಚಿನ ಶಾಲೆಗೆ ಕೆಲಸಕ್ಕೆ ಹೋಗುತ್ತಾನಂತೆ ಎಂದು ದೊಡ್ಡಪ್ಪ ಮುಖ ಸಿಂಡರಿಸಿದ್ದರು. ಫಾದರ್ ಬೆನೆಡಿಕ್ಟರೂ ಅದನ್ನೇ ಕೇಳಿದರು.

"ಶಿಲುಬೆ ಕೆಳಗೆ ನಿಂತು ಪಾಠ ಮಾಡೋದಕ್ಕೆ ನಿಮಗೇನೂ ಕಷ್ಟ ಇಲ್ವಾ?"

"ಲೆಕ್ಕಕ್ಕೆ ಯಾವ ಜಾತಿ ಫಾದರ್," ಎಂದಿದ್ದರು ಇಪ್ಪತ್ತಾರರ ಯಜ್ಞನಾರಾಯಣ. ಫಾದರ್ ನಕ್ಕು ಅವತ್ತೇ ಚಾಕ್‌ಪೀಸಿನ ಡಬ್ಬಿ ಕೈಗಿಟ್ಟರು.

ಒಳ್ಳೆಯ ಮೇಷ್ಟ್ರು ಎಂದು ಬೇಗ ಹೆಸರು ಬಂತು. ಸಂಜೆ ಲೈನ್ ಮನೆಗಳಿಗೆ ಹೋಗಿ, ಮಗು ಯಾಕೆ ಶಾಲೆಗೆ ಬಂದಿಲ್ಲ ಎಂದು ವಿಚಾರಿಸುವರು. ಕೂಲಿಯವರು ಅವರಿಗೆ ಮಣೆ ಹಾಕಿ ಕೂರಿಸಿ ಕರಿಕಾಫಿ ಕೊಡುವರು. ಹೆಂಡತಿ ಸತ್ಯವತಿ ಮೊದಮೊದಲು, "ಎಲ್ಲರ ಮನೇಲೂ ಕುಡೀತೀರಲ್ಲ" ಎಂದು ಗೊಣಗಿ ಆಮೇಲೆ ಸುಮ್ಮನಾದರು. ಮೇಷ್ಟ್ರು ಹೇಳಿದರೆ ಆಯಿತು, ಅದರ ಮೇಲೆ ಮಾತಿಲ್ಲ ಎನ್ನುವಷ್ಟು ನಂಬಿಕೆ ಆ ಬೆಟ್ಟದ ಮಗ್ಗುಲಿನಲ್ಲಿ ಬೆಳೆಯಿತು.

ಆ ನಂಬಿಕೆಯನ್ನು ಅವರು ಖರ್ಚು ಮಾಡಿದ್ದು ಆಮೇಲೆ.

ಫಾದರ್ ಬೆನೆಡಿಕ್ಟರಿಗೆ ವರ್ಗವಾಯಿತು. ಹೊಸಬರು ಬಂದರು, ಇಂಗ್ಲಿಷ್ ಮೀಡಿಯಂ ಬಂತು, ಹಳದಿ ಬಸ್ಸು ಬಂತು. ಕುದುರೆಮುಖದ ಗಣಿ ಕಂಪನಿ ಮುಚ್ಚಿದಾಗ ಅಲ್ಲಿನ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಇಬ್ಬರು ಟೀಚರುಗಳೂ ಬಂದು ಸೇರಿದರು. ತಗಡು ಹೋಗಿ ಮೂರಂತಸ್ತಿನ ಕಟ್ಟಡ ಎದ್ದಿತು. ಒಂದು ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲರೂ ಪಾಸಾದರು. ಯಾರೂ ನಿರೀಕ್ಷಿಸದಿದ್ದ ಆ ನೂರಕ್ಕೆ ನೂರು ಫಲಿತಾಂಶವನ್ನು ಆಡಳಿತದವರು ಕೊಟ್ಟಿಗೆಹಾರದ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಹಾಕಿ ತೋರಿಸಿದರು. ಮರುವರ್ಷ ಆಲ್ದೂರಿನ ಕಡೆಯಿಂದಲೂ ಮಕ್ಕಳು ಬಂದರು. ಅಲ್ಲಿಂದ ಮುಂದೆ ನೂರು ಅನ್ನುವುದು ಕೆಳಗಿಳಿಯಬಾರದ ಅಂಕಿಯಾಯಿತು.

ಇಳಿಯದಂತೆ ನೋಡಿಕೊಳ್ಳಲು ಒಂದು ದಾರಿಯಿತ್ತು. ಒಂಬತ್ತನೇ ಕ್ಲಾಸಿನ ಕೊನೆಯಲ್ಲಿ, ಹತ್ತರಲ್ಲಿ ಫೇಲಾಗಬಹುದು ಅನ್ನಿಸಿದ ಮಕ್ಕಳ ಅಪ್ಪ ಅಮ್ಮನನ್ನು ಕರೆಸಿ ಟಿಸಿ ತೆಗೆದುಕೊಳ್ಳಿ ಎನ್ನುವುದು. ಹಾಗೆ ಬಾಯಿಬಿಟ್ಟು ಹೇಳಿದರೆ ಜಗಳವಾಗುತ್ತದೆ. ಮೆತ್ತಗೆ ಹೇಳಬಲ್ಲವರು ಬೇಕು. ಯಜ್ಞನಾರಾಯಣ ಮೇಷ್ಟ್ರಿಗಿಂತ ಮೆತ್ತಗೆ ಮಾತಾಡುವವರು ಆ ಶಾಲೆಯಲ್ಲಿ ಇರಲಿಲ್ಲ.

ಮೊದಲ ಸಲ ಅವರಿಗೆ ಊಟ ಸೇರಲಿಲ್ಲ. ಎರಡನೇ ವರ್ಷ ಸೇರಿತು. ಶಾಲೆ ಉಳಿದರೆ ತಾನೇ ನೂರಾರು ಮಕ್ಕಳಿಗೆ ಪಾಠ, ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು. ಆಮೇಲಾಮೇಲೆ ಸಮಾಧಾನವೂ ಬೇಕಾಗಲಿಲ್ಲ, ಅದೂ ವರ್ಷದ ಕೆಲಸಗಳಲ್ಲಿ ಒಂದಾಯಿತು.

ಹೀಗಿರುವಾಗ, ಅವರ ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ, ಒಂದು ಜೂನ್ ತಿಂಗಳ ಮಧ್ಯಾಹ್ನ ಮೂವತ್ತು ದಾಟಿದ ಹೆಂಗಸೊಬ್ಬಳು ಕೊಡೆ ಮಡಚಿಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು.

"ಸರ್, ನಾನು ತನುಜಾ. ರಾಮಮ್ಮನ ಮಗಳು. ಮೇಲಿನ ಎಸ್ಟೇಟಿನ ಲೈನಿಂದ ಬರ್ತಿದ್ದೆನಲ್ಲ."

ಹೆಸರು ಕೇಳಿದ ಕೂಡಲೇ ಮೇಷ್ಟ್ರಿಗೆ ನೆನಪಾಗಲಿಲ್ಲ. ರಾಮಮ್ಮ ಅಂದಾಗ ಆಯಿತು. ಹಣ್ಣು ಕೊಯ್ದು ಕಪ್ಪಾದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಇದೇ ರೂಮಿನಲ್ಲಿ ನಿಂತಿದ್ದವಳು. "ನೋಡಿ ರಾಮಮ್ಮ, ಹುಡುಗಿ ತಲೆಗೆ ಗಣಿತ ಹತ್ತಲ್ಲ. ಇಲ್ಲಿ ಅವಳಿಗೆ ಭಾರ ಆಗುತ್ತೆ. ಸರ್ಕಾರಿ ಹೈಸ್ಕೂಲಿಗೆ ಸೇರಿಸಿ, ಅಲ್ಲಿ ನಿಭಾಯಿಸ್ತಾಳೆ," ಎಂದು ತಾವು ಹೇಳಿದ್ದು. ಮಗಳ ಒಳ್ಳೆಯದಕ್ಕೇ ಹೇಳುತ್ತಿದ್ದಾರೆ ಎಂದು ಅವಳು ಕಾಲಿಗೆ ಬಿದ್ದು ಹೋದದ್ದು.

"ಸರ್ಕಾರಿ ಶಾಲೇಲಿ ಪಾಸ್ ಮಾಡ್ಕೊಂಡ್ಯಾ?" ಎಂದು ಕೇಳಿದರು.

"ಎಲ್ಲಿ ಸರ್. ನಮ್ಮ ಲೈನಿಂದ ಆ ಕಡೆಗೆ ಬಸ್ಸೇ ಇರ್ಲಿಲ್ಲ. ಆ ವರ್ಷ ಕೊಯ್ಲಿಗೆ ಹೋದವಳು ಅಲ್ಲೇ ನಿಂತೆ."

ಈಗ ಅವಳು ಕೊಟ್ಟಿಗೆಹಾರದಲ್ಲಿ ಬಟ್ಟೆ ಹೊಲಿಯುತ್ತಾಳೆ. ಗಂಡ ಯೋಗೇಶ್ ಪಿಕಪ್ ಓಡಿಸುತ್ತಾನೆ, ಒಬ್ಬಳು ಮಗಳಿದ್ದಾಳೆ. ಅಂಗನವಾಡಿ ಸಹಾಯಕಿಯ ಕೆಲಸಕ್ಕೆ ಎಸ್ಸೆಸ್ಸೆಲ್ಸಿ ಆಗಿರಬೇಕಂತೆ. ಖಾಸಗಿಯಾಗಿ ಪರೀಕ್ಷೆ ಕಟ್ಟಲು ಓದಿದ ಶಾಲೆಯಿಂದ ಏನೇನು ಬೇಕು ಎಂದು ಕೇಳಲು ಬಂದಿದ್ದಳು.

"ಉಳಿದದ್ದು ಹೇಗೋ ಆದೀತು. ಗಣಿತ ಒಂದೇ ಹೆದರಿಕೆ," ಎಂದು ನಕ್ಕಳು. "ನನ್ನ ತಲೆಗೆ ಹತ್ತಲ್ಲ ಅಂತ ನೀವೇ ಹೇಳಿದ್ರಲ್ಲ ಸರ್. ಅವ್ವ ಈಗ್ಲೂ ಹೇಳ್ತಾಳೆ."

ಅವಳು ಆಡಿಕೊಂಡದ್ದಲ್ಲ. ಎತ್ತರ ಇಷ್ಟು, ಬಣ್ಣ ಇಂಥದ್ದು ಎನ್ನುವ ಹಾಗೆ ತನ್ನ ಬಗ್ಗೆ ಗೊತ್ತಿರುವ ಒಂದು ವಿಷಯವನ್ನು ಹೇಳಿದಳು ಅಷ್ಟೆ. "ಶನಿವಾರ ಶಾಲೆ ಬಿಟ್ಟ ಮೇಲೆ ಬಾ. ನಾನೇ ಹೇಳಿಕೊಡ್ತೀನಿ," ಎಂದುಬಿಟ್ಟರು ಮೇಷ್ಟ್ರು.

ತನುಜಾ ಬರತೊಡಗಿದಳು. ಅಂಥ ಜಾಣೆಯೇನಲ್ಲ. ಭಿನ್ನರಾಶಿಯಲ್ಲಿ ತಡವರಿಸುವಳು, ಗುಣಿಸಬೇಕಾದಲ್ಲಿ ಕೂಡಿಸುವಳು. ಆದರೆ ಒಂದು ಲೆಕ್ಕವನ್ನು ಮೂರು ಸಲ ಹೇಳಿದರೆ ನಾಲ್ಕನೆಯದನ್ನು ತಾನೇ ಮಾಡುವಳು. ಇಂಥ ಮಕ್ಕಳನ್ನು ಮೇಷ್ಟ್ರು ಎಷ್ಟೋ ನೋಡಿದ್ದರು. ಒಂದು ವರ್ಷ ಬೆನ್ನು ಹತ್ತಿದರೆ ದಡ ಸೇರುವವರು.

"ಒಂಬತ್ತನೇ ಕ್ಲಾಸಲ್ಲಿ ನಿನಗೆ ಯಾಕೆ ಅಷ್ಟು ಕಮ್ಮಿ ಬಂದಿತ್ತು?" ಎಂದು ಒಂದು ಶನಿವಾರ ಕೇಳಿದರು.

"ಜನವರಿ ಪೂರ್ತಿ ಶಾಲೆಗೆ ಬಂದಿರ್ಲಿಲ್ವಲ್ಲ ಸರ್. ಅವ್ವನಿಗೆ ಕೈ ಮುರಿದಿತ್ತು. ಅವಳ ಬದಲು ನಾನು ಕೊಯ್ಲಿಗೆ ಹೋಗಿದ್ದೆ."

ಆ ಪ್ರಶ್ನೆಯನ್ನು ಅವತ್ತೇ ಕೇಳಬಹುದಿತ್ತು. ಸಂಜೆ ಲೈನಿನ ದಾರಿ ಹಿಡಿದಿದ್ದರೆ ಉತ್ತರ ಸಿಗುತ್ತಿತ್ತು. ಆ ಹೊತ್ತಿಗಾಗಲೇ ತಾವು ಆ ದಾರಿ ಬಿಟ್ಟು ಎಷ್ಟು ವರ್ಷವಾಗಿತ್ತು ಎಂದು ಲೆಕ್ಕ ಹಾಕಲು ಹೋಗಿ, ಮೇಷ್ಟ್ರು ಅರ್ಧಕ್ಕೇ ನಿಲ್ಲಿಸಿದರು. ಅವತ್ತು ಹಾಗೆ ಅಂದದ್ದು ಶಾಲೆಯ ನೂರಕ್ಕಾಗಿ ಎಂದು ಹೇಳಿಬಿಡಬೇಕು ಅಂತ ಪ್ರತಿ ಶನಿವಾರ ಅಂದುಕೊಳ್ಳುವರು. ಅವಳು ಬಂದು, "ಸರ್, ಇದು ಸರಿ ಬಂತು ನೋಡಿ" ಎಂದು ಪುಸ್ತಕ ಮುಂದೆ ಹಿಡಿದಾಗ, ಮುಂದಿನ ವಾರ ನೋಡೋಣ ಎಂದು ಬಾಯಿ ಮುಚ್ಚಿಕೊಳ್ಳುವರು.

ಕೊನೆಗೂ ಅದು ಅವರ ಬಾಯಿಂದ ಬರಲಿಲ್ಲ. ಪರೀಕ್ಷೆ ಹತ್ತಿರವಾದ ಒಂದು ಶನಿವಾರ ಇಬ್ಬರೂ ಲೆಕ್ಕ ಮಾಡುತ್ತಿದ್ದಾಗ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಫ್ಲಾವಿಯಾ ಅವಸರದಲ್ಲಿ ಒಳಗೆ ಬಂದರು. ಮೂಲೆಯಲ್ಲಿ ತಲೆ ಬಗ್ಗಿಸಿ ಕೂತವಳು ಯಾರು ಎಂದು ಅವರು ನೋಡಲಿಲ್ಲ.

"ಮೇಷ್ಟ್ರೇ, ಒಂಬತ್ತನೇ ಕ್ಲಾಸಿನ ಆ ನಾಲ್ಕು ಮಕ್ಕಳ ವಿಷಯ ಈ ತಿಂಗಳಲ್ಲೇ ಮುಗಿಸಿ. ಟಿಸಿ ಕೊಡೋದು ಅಂತ ಕಮಿಟೀಲಿ ಆಗಿದೆ. ಮುಂದಿನ ಸಲ ನೂರು ತಪ್ಪಬಾರದು. ನೀವಾದ್ರೆ, ಮಗುವಿನ ತಲೆಗೆ ಹತ್ತಲ್ಲ, ಸರ್ಕಾರಿ ಶಾಲೇಲಿ ನಿಭಾಯಿಸುತ್ತೆ ಅಂತ ಚೆನ್ನಾಗಿ ಹೇಳ್ತೀರಿ. ಮೊದಲಿಂದ ನೀವೇ ಹೇಳ್ತಾ ಬಂದಿದೀರಲ್ಲ."

ಸಿಸ್ಟರ್ ಹೋದರು. ತನುಜಾ ಪೆನ್ಸಿಲು ಕೆಳಗಿಟ್ಟಳು.

"ನಮ್ಮ ಅವ್ವನಿಗೂ ಹಾಗೇ ಹೇಳಿದ್ದಾ ಸರ್?"

"ಹೌದು," ಎಂದರು ಮೇಷ್ಟ್ರು.

"ನನ್ನ ತಲೆಗೆ ಹತ್ತಲ್ಲ ಅಂತ ನಿಮಗೆ ಗೊತ್ತಿತ್ತಾ?"

"ಇಲ್ಲ. ನೋಡಿರಲಿಲ್ಲ."

ಅವಳು ಪುಸ್ತಕ ಚೀಲಕ್ಕೆ ಹಾಕಿ, ಎದ್ದು, ಎಂದಿನಂತೆ ಕುರ್ಚಿಯನ್ನು ಮೇಜಿನ ಒಳಕ್ಕೆ ತಳ್ಳಿ ಹೋದಳು. ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ.

ಮೇಷ್ಟ್ರು ಸಿಸ್ಟರ್ ಹತ್ತಿರ ಹೋಗಿ ಈ ಸಲ ತಮ್ಮಿಂದಾಗದು ಎಂದರು. ಸಿಸ್ಟರ್ ಕೆಟ್ಟವರಲ್ಲ. ಹಾಸ್ಟೆಲಿನ ಮಕ್ಕಳಿಗೆ ಜ್ವರ ಬಂದರೆ ಪಕ್ಕದಲ್ಲೇ ಕೂರುವವರು.

"ಸುತ್ತ ಮೂರು ಹೊಸ ಶಾಲೆ ಆಗಿದೆ. ಎಲ್ಲರ ಬಸ್ಸೂ ನಮ್ಮ ಗೇಟಿನ ಮುಂದೆಯೇ ಹೋಗುತ್ತೆ," ಎಂದರು ಅವರು. "ಫಲಿತಾಂಶ ಬಿದ್ದರೆ ನಮ್ಮ ಬಸ್ಸು ಖಾಲಿ ಓಡುತ್ತೆ. ಇಷ್ಟು ವರ್ಷ ನಿಮಗೆ ಇದು ತಪ್ಪು ಅನ್ನಿಸಲಿಲ್ವಾ ಮೇಷ್ಟ್ರೇ?"

"ಅನ್ನಿಸಿತ್ತು ಸಿಸ್ಟರ್. ಅನ್ನಿಸಿಯೂ ಮಾಡಿದೆ. ಅದಕ್ಕೇ ನಿಮ್ಮನ್ನ ಬಯ್ಯೋ ಮುಖ ನನಗಿಲ್ಲ. ಫಾದರ್ ಬೆನೆಡಿಕ್ಟ್ ಈ ಶಾಲೆ ಮಾಡಿದ್ದೇ ಅಂಥ ಮಕ್ಕಳಿಗೆ. ಅವರನ್ನೇ ನಾನು ಸಾಲಾಗಿ ಹೊರಗೆ ಕಳಿಸಿದೆ. ಆ ನಾಲ್ಕು ಜನರನ್ನ ಬೆಳಿಗ್ಗೆ ಬೇಗ ಕಳಿಸಿ. ನಾನು ನೋಡ್ಕೋತೀನಿ. ಫೇಲಾದ್ರೆ ಕಮಿಟಿಗೆ ನನ್ನ ಹೆಸರು ಹೇಳಿ."

ಸಿಸ್ಟರ್ ಆ ನಾಲ್ವರ ಪಟ್ಟಿಯನ್ನು ಮೇಜಿನ ಡ್ರಾಯರಿಗೆ ಹಾಕಿದರು. ಆಮೇಲೆ, "ಹೆಸರು ನಂದೇ ಹೇಳಬೇಕಾಗುತ್ತೆ ಬಿಡಿ, ಸಹಿ ನಂದು ತಾನೆ," ಎಂದರು.

ಅಲ್ಲಿಂದ ಮೇಷ್ಟ್ರು ನೇರ ಕೊಟ್ಟಿಗೆಹಾರದ ಬಸ್ಸು ಹತ್ತಿ ತನುಜಾಳ ಮನೆಗೆ ಹೋದರು. ಬಾಗಿಲಲ್ಲಿ ಸಿಕ್ಕಿದ್ದು ರಾಮಮ್ಮ. ಮುದುಕಿಯಾಗಿದ್ದಳು. ಮೇಷ್ಟ್ರನ್ನು ಕಂಡು ಮುಖ ಅರಳಿಸಿ, ಕುರ್ಚಿಯನ್ನು ಸೆರಗಿನಿಂದ ಒರೆಸಿ ಕೂರಿಸಿದಳು.

"ನಿಮ್ಮಂಥೋರು ಯಾರಿದಾರೆ ಸ್ವಾಮಿ. ಆವತ್ತೂ ದಾರಿ ತೋರ್ಸಿದ್ರಿ, ಈಗ್ಲೂ ಕೈ ಹಿಡಿದು ಕಲಿಸ್ತಿದೀರಿ. ಇವಳಿಗೆ ಏನಾಗಿದ್ಯೋ, ಎರಡು ವಾರದಿಂದ ಹೊಲಿಗೆ ಜಾಸ್ತಿ ಅಂತ ಕೂತಿದಾಳೆ."

ಹೊಲಿಗೆ ಯಂತ್ರದ ಹಿಂದೆ ತನುಜಾ ಕೂತಿದ್ದಳು. ಮೇಷ್ಟ್ರು ಬಾಯಿ ತೆರೆದರು. ಅವಳು ಬೇಡ ಎನ್ನುವಂತೆ ಸಣ್ಣಗೆ ತಲೆಯಾಡಿಸಿದಳು. ರಾಮಮ್ಮ ಕೊಟ್ಟ ಕಾಫಿಯನ್ನು ಮೇಷ್ಟ್ರು ಕುಡಿದರು. ಅಷ್ಟು ಕಷ್ಟಪಟ್ಟು ಅವರು ಯಾವ ಮನೆಯಲ್ಲೂ ಕಾಫಿ ಕುಡಿದಿರಲಿಲ್ಲ.

ತನುಜಾ ಬಸ್ ನಿಲ್ದಾಣದವರೆಗೆ ಬಂದಳು. ದಾರಿಯಲ್ಲಿ ಹೇಳಿದಳು:

"ಅವ್ವನಿಗೆ ಹೇಳಿಲ್ಲ, ಹೇಳೋದೂ ಇಲ್ಲ. ನಂಬಿದ್ದು ಸುಳ್ಳು ಅಂತ ಈ ವಯಸ್ಸಲ್ಲಿ ಗೊತ್ತಾಗಿ ಏನಾಗ್ಬೇಕು. ನೀವೂ ಹೇಳ್ಬೇಡಿ. ಹೇಳಿದ್ರೆ ನಿಮಗೆ ಹಗುರ ಆಗುತ್ತೆ, ಅವಳಿಗಲ್ಲ."

"ತಪ್ಪಾಯ್ತು ಕಣಮ್ಮ."

"ಹೂಂ ಸರ್," ಎಂದಳು. ಪರವಾಗಿಲ್ಲ ಎನ್ನಲಿಲ್ಲ. ಬಸ್ಸು ಬಂದಾಗ, "ಶನಿವಾರ ಬರ್ತೀನಿ. ಪರೀಕ್ಷೆ ನಂದು, ಅದಕ್ಕೆ," ಎಂದಳು.

ಬಂದಳು. ಮೊದಲಿನ ಹಾಗೆ ನಗುತ್ತಿರಲಿಲ್ಲ. ಲೆಕ್ಕ ಸರಿ ಬಂದರೆ ತಾನೇ ಗುರುತು ಹಾಕಿಕೊಂಡು ಮುಂದಿನದಕ್ಕೆ ಹೋಗುವಳು. ಮೊದಲ ಸಲ ಗಣಿತ ಒಂದರಲ್ಲಿ ಹೋಯಿತು. ಆ ವರ್ಷವೇ ಎರಡನೇ ಸಲ ಬರೆದು ಪಾಸಾದಳು. ಅಂಗನವಾಡಿ ಕೆಲಸ ಅಷ್ಟರಲ್ಲಿ ಬೇರೆಯವರಿಗೆ ಆಗಿತ್ತು. ಮುಂದಿನ ಸಲ ಕರೆದಾಗ ನೋಡೋಣ ಎಂದು ಅರ್ಜಿ ಇಟ್ಟುಕೊಂಡಿದ್ದಾಳೆ.

ಮರುವರ್ಷ ಆ ನಾಲ್ವರಲ್ಲಿ ಮೂವರು ದಡ ಸೇರಿದರು. ಒಬ್ಬ ಹುಡುಗ ಫೇಲಾಗಿ ಉಳಿದ. ಸರ್ಕಲ್ಲಿನಲ್ಲಿ ಫ್ಲೆಕ್ಸ್ ಏಳಲಿಲ್ಲ. ಕಮಿಟಿಯವರು ಸಿಸ್ಟರನ್ನು ಕರೆಸಿ ಕೇಳಿದ್ದೂ ಆಯಿತು. ಕೆಲವರು ಮಕ್ಕಳನ್ನು ಬಿಡಿಸಿಕೊಂಡು ಹೋದರು, ಹೆಚ್ಚಿನವರು ಹೋಗಲಿಲ್ಲ. ಬಸ್ಸು ಓಡುತ್ತಲೇ ಇದೆ.

ತನುಜಾಳ ಮಗಳು ಹೈಸ್ಕೂಲಿಗೆ ಬಂದಾಗ ನಿವೃತ್ತ ಮೇಷ್ಟ್ರು, ಲೂಸಿಯಾಕ್ಕೆ ಸೇರಿಸು, ಸಿಸ್ಟರ್ ಹತ್ತಿರ ನಾನು ಮಾತಾಡ್ತೀನಿ ಎಂದರು. "ಸರ್ಕಾರಿ ಶಾಲೆಗೆ ಹಾಕಾಯ್ತು ಸರ್, ಈಗ ಬಸ್ಸಿದೆ," ಎಂದಳು ಅವಳು.

ಮೇಷ್ಟ್ರು ಈಗಲೂ ಬೆಳಿಗ್ಗೆ ಬೇಗ ಶಾಲೆಗೆ ಹೋಗುತ್ತಾರೆ, ಹಿಂದೆ ಬಿದ್ದ ಮಕ್ಕಳನ್ನು ಕೂರಿಸಿಕೊಳ್ಳುತ್ತಾರೆ. ಶಾಲೆಯ ಚರಿತ್ರೆ ಬರೆದುಕೊಡಿ, ಸ್ಮರಣ ಸಂಚಿಕೆಗೆ ಬೇಕು, ಎಲ್ಲ ಗೊತ್ತಿರುವವರು ನೀವೊಬ್ಬರೇ ಎಂದು ಆಡಳಿತದವರು ಎರಡು ಸಲ ಹೇಳಿ ಕಳಿಸಿದರು. ಗೋಡೌನು, ತಗಡಿನ ಕೋಣೆ, ಫಾದರ್ ಬೆನೆಡಿಕ್ಟ್, ಅಷ್ಟರವರೆಗೆ ಕೈ ಓಡುತ್ತದೆ. ಆಮೇಲೆ ಆ ಮಾರ್ಚ್ ತಿಂಗಳುಗಳಲ್ಲಿ ಸ್ಟಾಫ್ ರೂಮಿಗೆ ಬಂದು ಕೈಕಟ್ಟಿ ನಿಂತಿದ್ದ ತಂದೆ ತಾಯಂದಿರು ಕಣ್ಣ ಮುಂದೆ ಬರುತ್ತಾರೆ. ಮುಖಗಳು ನೆನಪಿವೆ. ಅವರ ಮಕ್ಕಳ ಹೆಸರು, ತನುಜಾಳದು ಬಿಟ್ಟರೆ, ಒಂದೂ ನೆನಪಾಗುವುದಿಲ್ಲ.

"ಏನು ಬರೀತಾ ಕೂತಿದೀರಿ?" ಎಂದು ಸತ್ಯವತಿ ಕೇಳಿದರೆ, "ಇನ್ನೂ ಶುರುವಿನಲ್ಲೇ ಇದೀನಿ," ಎನ್ನುತ್ತಾರೆ.